ಏಳನೇ ತಿಂಗಳಿಂದ ಹೆರಿಗೆಯವರೆಗೆ: ಮನೆಮಂದಿಯೆಲ್ಲ ಓದಬೇಕಾದ ಮಾರ್ಗದರ್ಶಿ

ಮನೆಯಲ್ಲಿ ಎಲ್ಲರೂ "ಎಷ್ಟು ತಿಂಗಳಾಯ್ತು?" ಅಂತ ಕೇಳುತ್ತಾರೆ. ಆಸ್ಪತ್ರೆಯಲ್ಲಿ "ಎಷ್ಟು ವಾರ?" ಅಂತ ಕೇಳುತ್ತಾರೆ. ಏಳನೇ ತಿಂಗಳಿಗೆ ಕಾಲಿಟ್ಟ ಮೇಲೆ ನೀವೂ ವಾರದ ಲೆಕ್ಕಕ್ಕೇ ಬನ್ನಿ. "ಎಂಟು ತಿಂಗಳು" ಅಂದರೆ 32 ವಾರವೂ ಆಗಬಹುದು, 35 ವಾರವೂ ಆಗಬಹುದು. ಈ ಎರಡು ಹಂತಗಳಲ್ಲಿ ಮಗುವಿನ ಶ್ವಾಸಕೋಶ ಬೆಳೆದಿರುವ ಮಟ್ಟವೇ ಬೇರೆ.

ಲೆಕ್ಕ ಹಾಕುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಆ ದಿನಕ್ಕೆ 9 ತಿಂಗಳು 7 ದಿನ ಸೇರಿಸಿದರೆ ಹೆರಿಗೆಯ ಅಂದಾಜು ದಿನಾಂಕ ಸಿಗುತ್ತದೆ. ಅಲ್ಲಿಗೆ 40 ವಾರ. ಮೂರನೇ ತ್ರೈಮಾಸಿಕ ಶುರುವಾಗುವುದು 28ನೇ ವಾರಕ್ಕೆ. ಒಂದೊಂದು ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಒಂದೊಂದು ದಿನಾಂಕ ಬರುವುದನ್ನು ನೋಡಿ ಎಷ್ಟೋ ಜನ ಗಾಬರಿಯಾಗುತ್ತಾರೆ. ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಿಂಗ್ ನೋಡಿ ವೈದ್ಯರು ನಿಗದಿ ಮಾಡಿದ ದಿನಾಂಕವೇ ಕೊನೆಯವರೆಗೂ ನಡೆಯುತ್ತದೆ. ಆಮೇಲಿನ ಸ್ಕ್ಯಾನಿಂಗ್‌ಗಳು ಮಗು ಹೇಗೆ ಬೆಳೆಯುತ್ತಿದೆ ಅಂತ ತಿಳಿಯೋದಕ್ಕೆ. ಅವು ದಿನಾಂಕ ಬದಲಿಸುವುದಿಲ್ಲ.

ಈ ಮೂರು ತಿಂಗಳಲ್ಲಿ ಕಾಣಿಸುವ ಹೆಚ್ಚಿನ ತೊಂದರೆಗಳು ಸಹಜವಾದವು, ಹೆರಿಗೆಯಾದ ಮೇಲೆ ತಾವಾಗೇ ಹೋಗುತ್ತವೆ. ಕೆಲವೇ ಕೆಲವು ಮಾತ್ರ ಒಂದು ಗಂಟೆಯೂ ಕಾಯಬಾರದಂಥವು. ಈ ವ್ಯತ್ಯಾಸ ಗರ್ಭಿಣಿಗೆ ಗೊತ್ತಿದ್ದರೆ ಸಾಲದು, ರಾತ್ರಿ ಅವಳ ಪಕ್ಕದಲ್ಲಿರುವ ಗಂಡ, ಅಮ್ಮ ಅಥವಾ ಅತ್ತೆಗೂ ಗೊತ್ತಿರಬೇಕು. ನಮ್ಮಲ್ಲಿ ಇನ್ನೊಂದು ವಿಷಯವೂ ಇದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುತ್ತೇವೆ. ಅಂದರೆ ತುಂಬಾ ಎಚ್ಚರ ಬೇಕಾದ ಹೊತ್ತಿನಲ್ಲೇ ಊರು, ಆಸ್ಪತ್ರೆ, ಡಾಕ್ಟರು ಎಲ್ಲವೂ ಬದಲಾಗುತ್ತದೆ. ಅದನ್ನು ಸರಿಯಾಗಿ ಮಾಡಿಕೊಳ್ಳುವುದು ಹೇಗೆ ಅನ್ನೋದೇ ಈ ಬರಹದ ಮುಖ್ಯ ವಿಷಯ.

28ನೇ ವಾರಕ್ಕೆ ಮುಗಿದಿರಬೇಕಾದ ಕೆಲಸಗಳು

ಮೊದಲು ತಾಯಿ ಕಾರ್ಡ್ ತೆಗೆದು ಖಾಲಿ ಜಾಗಗಳನ್ನು ನೋಡಿ. ರಕ್ತದ ಗುಂಪು ಬರೆದಿದೆಯೇ? ಧನುರ್ವಾಯು ತಡೆಯುವ ಟಿ.ಡಿ. ಇಂಜೆಕ್ಷನ್ ಎರಡೂ ಆಗಿದೆಯೇ? ಪ್ರತಿ ಭೇಟಿಯಲ್ಲೂ ಬಿ.ಪಿ., ತೂಕ, ಮೂತ್ರದ ಪರೀಕ್ಷೆ ನಮೂದಾಗಿದೆಯೇ? ಖಾಲಿ ಬಿಟ್ಟಿದ್ದರೆ ಕೇಳಿ ಬರೆಸಿಕೊಳ್ಳಿ. ಮುಂದೆ ಯಾವ ಆಸ್ಪತ್ರೆಗೆ ಹೋದರೂ ಅಲ್ಲಿನವರು ಮೊದಲು ನೋಡುವುದು ಇದನ್ನೇ.

ಶುಗರ್ ಪರೀಕ್ಷೆಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆಯುತ್ತಾರೆ. 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬಸುರಿ ಸಕ್ಕರೆ ಕಾಯಿಲೆ ಅಂತ ಲೆಕ್ಕ. ಮೊದಲ ತಿಂಗಳುಗಳಲ್ಲಿ ನಾರ್ಮಲ್ ಬಂದಿದ್ದರೂ 24ರಿಂದ 28 ವಾರದ ನಡುವೆ ಮತ್ತೆ ಮಾಡಿಸಲೇಬೇಕು. ಹಿಮೋಗ್ಲೋಬಿನ್ 11ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ. 7ಕ್ಕಿಂತ ಕಮ್ಮಿ ಅಂದರೆ ತೀವ್ರ ಸ್ಥಿತಿ, ಆಸ್ಪತ್ರೆಯಲ್ಲೇ ಚಿಕಿತ್ಸೆ ಆಗಬೇಕು. ಹೆರಿಗೆಯಲ್ಲಿ ಎಲ್ಲರಿಗೂ ಒಂದಿಷ್ಟು ರಕ್ತ ಹೋಗುತ್ತದೆ. ಮೊದಲೇ ರಕ್ತ ಕಮ್ಮಿ ಇದ್ದವರಿಗೆ ಆ ನಷ್ಟ ತಡೆಯುವ ಶಕ್ತಿ ಇರುವುದಿಲ್ಲ. ಈಗ ಕಮ್ಮಿ ಅಂತ ಗೊತ್ತಾದರೆ ಮಾತ್ರೆಯಿಂದಲೋ, ರಕ್ತನಾಳಕ್ಕೆ ಕೊಡುವ ಕಬ್ಬಿಣದ ಇಂಜೆಕ್ಷನ್‌ನಿಂದಲೋ ಸರಿಮಾಡಲು ಇನ್ನೂ ಸಮಯ ಇದೆ. 38ನೇ ವಾರದಲ್ಲಿ ಗೊತ್ತಾದರೆ ಇರುವುದಿಲ್ಲ.

ನಿಮ್ಮದು ನೆಗೆಟಿವ್ ಗುಂಪಾಗಿದ್ದು ಗಂಡನದು ಪಾಸಿಟಿವ್ ಆಗಿದ್ದರೆ 28ನೇ ವಾರದ ಹೊತ್ತಿಗೆ ಆಂಟಿ-ಡಿ ಇಂಜೆಕ್ಷನ್ ಬಗ್ಗೆ ನೀವೇ ಕೇಳಿ. ಮಗು ಪಾಸಿಟಿವ್ ಆಗಿ ಹುಟ್ಟಿದರೆ 72 ಗಂಟೆಯೊಳಗೆ ಇನ್ನೊಂದು ಕೊಡಬೇಕಾಗುತ್ತದೆ. ಇದು ಮುಖ್ಯವಾಗಿ ಮುಂದಿನ ಮಗುವಿನ ರಕ್ಷಣೆಗೆ.

ಸರ್ಕಾರಿ ವ್ಯವಸ್ಥೆಯಲ್ಲಿ ತೋರಿಸುವವರಿಗೆ ಒಂದು ದಿನಾಂಕ ನೆನಪಿರಲಿ: ಪ್ರತಿ ತಿಂಗಳ 9. ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಅವತ್ತು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ಉಚಿತ. ನಾಲ್ಕನೇ ತಿಂಗಳಿಂದ ಯಾರು ಬೇಕಾದರೂ ಹೋಗಬಹುದು. ನಿಮ್ಮ ಹತ್ತಿರ ಎಲ್ಲಿ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹೇಳುತ್ತಾರೆ.

ತವರಿಗೆ ಹೋಗುವ ಮುಂಚೆ

ಏಳರಲ್ಲೋ ಒಂಬತ್ತರಲ್ಲೋ ಸೀಮಂತ ಆಗುತ್ತದೆ. ಉತ್ತರ ಕರ್ನಾಟಕದಲ್ಲಿ ಕುಬಸ, ಕರಾವಳಿಯಲ್ಲಿ ಬಯಕೆ. ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ತವರಿನವರು ಕರೆದುಕೊಂಡು ಹೋಗುತ್ತಾರೆ. ಈ ಪದ್ಧತಿಯಲ್ಲಿ ಒಳ್ಳೆಯದು ತುಂಬಾ ಇದೆ. ಅಮ್ಮನ ಹತ್ತಿರ ಸಂಕೋಚವಿಲ್ಲದೆ "ನೋವಾಗ್ತಿದೆ" ಅನ್ನಬಹುದು, ಬೇಕೆನಿಸಿದಾಗ ಮಲಗಬಹುದು. ಆದರೆ ಹೊರಡುವ ದಿನವನ್ನು ಪಂಚಾಂಗ ನೋಡಿ ಮಾತ್ರ ಗೊತ್ತು ಮಾಡಬೇಡಿ. ವಾರದ ಲೆಕ್ಕವನ್ನೂ ನೋಡಿ. 32ರಿಂದ 34 ವಾರದೊಳಗೆ ಹೋಗಿ ಸೇರಿಕೊಂಡರೆ ಹೊಸ ಆಸ್ಪತ್ರೆಯವರಿಗೆ ನಿಮ್ಮನ್ನು ಎರಡು ಮೂರು ಸಲವಾದರೂ ನೋಡುವ ಅವಕಾಶ ಇರುತ್ತದೆ. 37 ತುಂಬಿದ ಮೇಲೆ ಹೊರಟರೆ ನೋವು ದಾರಿಯಲ್ಲೇ ಬಂದರೂ ಬರಬಹುದು.

ಹೊರಡುವ ಮುಂಚೆ ಈಗಿನ ಡಾಕ್ಟರ ಹತ್ತಿರ ಒಂದು ಹಾಳೆಯಷ್ಟು ಸಾರಾಂಶ ಬರೆಸಿಕೊಳ್ಳಿ. ಹೆರಿಗೆ ದಿನಾಂಕ, ರಕ್ತದ ಗುಂಪು, ಕೊನೆಯ ಹಿಮೋಗ್ಲೋಬಿನ್, ಶುಗರ್, ಬಿ.ಪಿ., ಥೈರಾಯ್ಡ್ ಮಾತ್ರೆ ಇದ್ದರೆ ಅದರ ಪ್ರಮಾಣ, ಮಾಸು (ಪ್ಲಾಸೆಂಟಾ) ಎಲ್ಲಿದೆ, ಯಾವ ಔಷಧಿ ಒಗ್ಗುವುದಿಲ್ಲ, ಮೊದಲು ಆಪರೇಷನ್ ಆಗಿದ್ದರೆ ಯಾಕೆ ಆಯಿತು, ಇಷ್ಟು ಅದರಲ್ಲಿರಲಿ. ಎಲ್ಲ ರಿಪೋರ್ಟುಗಳನ್ನೂ ದಿನಾಂಕದ ಪ್ರಕಾರ ಒಂದೇ ಫೈಲಿನಲ್ಲಿ ಜೋಡಿಸಿ. ಪ್ರತಿಯೊಂದರ ಫೋಟೋ ನಿಮ್ಮ ಫೋನಲ್ಲೂ ಗಂಡನ ಫೋನಲ್ಲೂ ಇರಲಿ. ತಾಯಿ ಕಾರ್ಡ್ ಮಾತ್ರ ಮೂಲ ಪ್ರತಿಯೇ ನಿಮ್ಮ ಕೈಯಲ್ಲಿರಬೇಕು.

ತವರು ತಲುಪಿದ ಮೇಲೆ ಆ ವಾರವೇ ಮಾಡಬೇಕಾದ ಕೆಲಸ, ಹೆರಿಗೆ ಮಾಡಿಸುವ ಆಸ್ಪತ್ರೆಯಲ್ಲಿ ಹೆಸರು ಬರೆಸಿ ಒಮ್ಮೆ ತೋರಿಸಿಕೊಂಡು ಬರುವುದು. "ನೋವು ಬಂದಾಗ ಹೋದರಾಯ್ತು" ಅನ್ನಬೇಡಿ. ಅಲ್ಲಿ ಮೂರು ಪ್ರಶ್ನೆ ಕೇಳಿ. ರಾತ್ರಿ ಹೊತ್ತು ಹೆರಿಗೆ ಡಾಕ್ಟರು ಇರುತ್ತಾರಾ? ತುರ್ತಾಗಿ ಆಪರೇಷನ್ ಬೇಕಾದರೆ ಇಲ್ಲೇ ಆಗುತ್ತಾ, ರಕ್ತ ಎಲ್ಲಿಂದ ಬರುತ್ತೆ? ಮಗುವಿಗೆ ಉಸಿರಾಟದ ತೊಂದರೆ ಆದರೆ ಇಲ್ಲೇ ನೋಡ್ತೀರಾ, ಇಲ್ಲ ಎಲ್ಲಿಗೆ ಕಳಿಸ್ತೀರಾ? ಉತ್ತರ "ಇಲ್ಲಿ ಆಗಲ್ಲ" ಅಂತಾದರೆ ಅದೇನೂ ತಪ್ಪಲ್ಲ, ಆದರೆ ನಿಮಗೆ ಮೊದಲೇ ಗೊತ್ತಿರಬೇಕು. ಬಿ.ಪಿ., ಶುಗರ್, ಅವಳಿ ಮಕ್ಕಳು, ಹಿಂದೆ ಸಿಸೇರಿಯನ್ ಆಗಿರುವುದು, ಮಾಸು ಕೆಳಗಿರುವುದು, ಇಂಥ ಯಾವುದಾದರೂ ಇದ್ದರೆ ಈ ಎಲ್ಲ ಸೌಲಭ್ಯ ಇರುವ ದೊಡ್ಡ ಆಸ್ಪತ್ರೆಯನ್ನೇ ಆರಿಸಿ. ಬೆಂಗಳೂರಿನ ವಾಣಿ ವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿ ಗೋಷನ್, ಇವೆಲ್ಲ ಹೆರಿಗೆಗೆಂದೇ ಹೆಸರಾದ ಸರ್ಕಾರಿ ಆಸ್ಪತ್ರೆಗಳು. ಜಿಲ್ಲಾ ಆಸ್ಪತ್ರೆಗಳಲ್ಲೂ ಹೆರಿಗೆ ವಿಭಾಗ ಇದ್ದೇ ಇರುತ್ತದೆ. ನಿಮಗೆ ಹೀಗೇನಾದರೂ ತೊಡಕಿದ್ದು, ತವರೂರಿನ ಹತ್ತಿರ ಅಂಥ ಆಸ್ಪತ್ರೆಯೇ ಇಲ್ಲದಿದ್ದರೆ, ಅಮ್ಮನನ್ನೇ ನಿಮ್ಮ ಮನೆಗೆ ಕರೆಸಿಕೊಳ್ಳಿ. ಬಾಣಂತನಕ್ಕೆ ಆಮೇಲೆ ತವರಿಗೆ ಹೋದರಾಯಿತು. ಈ ಮಾತನ್ನು ಎರಡೂ ಮನೆಯವರಿಗೆ ಗಂಡ ಹೇಳಿದರೆ ಒಳ್ಳೆಯದು.

ಪ್ರಯಾಣದ ಬಗ್ಗೆ ಒಂದೆರಡು ಮಾತು. ರೈಲು ಸಿಗುವ ಊರಾದರೆ ರೈಲೇ ಮೇಲು, ಎದ್ದು ಓಡಾಡಬಹುದು, ಶೌಚಾಲಯ ಇರುತ್ತದೆ, ಗರ್ಭಿಣಿಯರಿಗೆ ಕೆಳಗಿನ ಬರ್ತಿನ ಕೋಟಾ ಕೂಡ ಇದೆ. ಕಾರಿನಲ್ಲಾದರೆ ಒಂದೂವರೆ ಎರಡು ಗಂಟೆಗೊಮ್ಮೆ ಇಳಿದು ನಡೆಯಿರಿ. ಒಂದೇ ಭಂಗಿಯಲ್ಲಿ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಬಸಿರಿನಲ್ಲಿ ಜಾಸ್ತಿ. ಸೀಟ್ ಬೆಲ್ಟ್ ಹಾಕಲೇಬೇಕು. ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ ತೊಡೆಯ ಮೇಲೆ, ಮೇಲಿನ ಪಟ್ಟಿ ಎದೆಯ ನಡುವೆ ಬರಬೇಕು. ವಿಮಾನದಲ್ಲಿ ಬರುವವರು ಟಿಕೆಟ್ ಮಾಡುವ ಮುಂಚೆಯೇ ಆ ಕಂಪನಿಯ ನಿಯಮ ನೋಡಿ. ಸಾಮಾನ್ಯವಾಗಿ ಒಂದು ಹಂತದ ಮೇಲೆ ಡಾಕ್ಟರ ಪತ್ರ ಕೇಳುತ್ತಾರೆ, 36 ವಾರ ದಾಟಿದರೆ ಹತ್ತಿಸಿಕೊಳ್ಳುವುದಿಲ್ಲ.

ಕೆಲಸಕ್ಕೆ ಹೋಗುವವರಿಗೆ ಕಾನೂನಿನ ಪ್ರಕಾರ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ರಜೆಯ ಅರ್ಜಿ ಬರವಣಿಗೆಯಲ್ಲಿ ಕೊಟ್ಟು ಪ್ರತಿ ಇಟ್ಟುಕೊಳ್ಳಿ.

ಮಗು ಆಡುವ ಲೆಕ್ಕ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ. ಮಗು ಒಳಗೆ ಚೆನ್ನಾಗಿದೆ ಅಂತ ದಿನವೂ ತಿಳಿಯಲು ನಿಮಗಿರುವ ದಾರಿ ಅದರ ಓಡಾಟ. ಇದಕ್ಕೆ ಯಂತ್ರ ಬೇಡ, ದುಡ್ಡು ಬೇಡ.

ಊಟ ಆಗಿ ಸ್ವಲ್ಪ ಹೊತ್ತಾದ ಮೇಲೆ ಎಡಕ್ಕೆ ತಿರುಗಿ ಮಲಗಿ. ಫೋನು, ಟೀವಿ ದೂರ ಇರಲಿ. ಕೈ ಹೊಟ್ಟೆಯ ಮೇಲಿಡಿ, ಗಡಿಯಾರ ನೋಡಿಕೊಳ್ಳಿ. ಒದೆತ, ಹೊರಳಾಟ, ಮೊಣಕೈಯಲ್ಲಿ ತಿವಿದಂತಾಗುವುದು, ಎಲ್ಲವನ್ನೂ ಒಂದೊಂದಾಗಿ ಎಣಿಸಿ. ಒಂದೇ ಲಯದಲ್ಲಿ ಟಕ್ ಟಕ್ ಅನ್ನುವುದು ಮಗುವಿನ ಬಿಕ್ಕಳಿಕೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಹತ್ತು ಆದ ತಕ್ಷಣ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡಿ. ಹೆಚ್ಚಿನವರಿಗೆ ಒಂದು ಗಂಟೆಯೊಳಗೇ ಹತ್ತು ಮುಗಿಯುತ್ತದೆ. ಮಗು ಮಲಗಿರಬಹುದು ಅನ್ನಿಸಿದರೆ ಏನಾದರೂ ತಿಂದು, ನೀರು ಕುಡಿದು ಮತ್ತೆ ಮಲಗಿ. ಎರಡು ಗಂಟೆಯಾದರೂ ಹತ್ತು ಆಗಲಿಲ್ಲ ಅಂದರೆ ಆಸ್ಪತ್ರೆಗೆ ಹೊರಡಿ. ರಾತ್ರಿ ಹನ್ನೊಂದಾಗಿದ್ದರೂ ಸರಿ.

ನಾಲ್ಕೈದು ದಿನ ಹೀಗೆ ಮಾಡಿದರೆ ನಿಮ್ಮ ಮಗುವಿನ ಪರಿ ನಿಮಗೇ ಗೊತ್ತಾಗುತ್ತದೆ. ಒಂದು ಮಗು ಬೆಳಗಿನ ಜಾವ ಜೋರು, ಇನ್ನೊಂದು ರಾತ್ರಿ ನೀವು ಮಲಗಿದ ಮೇಲೆ ಶುರು. ಪಕ್ಕದ ಮನೆಯವರ ಮಗುವಿನ ಜೊತೆ ಹೋಲಿಸಬೇಡಿ, ನಿಮ್ಮ ಮಗುವಿನ ನಿನ್ನೆ ಮೊನ್ನೆಯ ಜೊತೆ ಹೋಲಿಸಿ. "ದಿನ ತುಂಬಿದ ಮೇಲೆ ಜಾಗ ಇರಲ್ಲ, ಮಗು ಆಡೋದು ಕಮ್ಮಿಯಾಗುತ್ತೆ" ಅಂತ ಹಿರಿಯರು ಧೈರ್ಯ ಹೇಳುತ್ತಾರೆ. ಈ ಮಾತು ತಪ್ಪು. ಜೋರಾಗಿ ಒದೆಯುತ್ತಿದ್ದದ್ದು ಹೊರಳಾಟದಂತೆ ಅನ್ನಿಸಬಹುದು, ಆದರೆ ಒಟ್ಟು ಓಡಾಟ ಹೆರಿಗೆಯ ದಿನದವರೆಗೂ ಕಮ್ಮಿಯಾಗಬಾರದು. ಹೋಗಿ ನೋಡಿಸಿ ಏನೂ ಇಲ್ಲ ಅಂತಾದರೆ ವಾಪಸ್ ಬನ್ನಿ. ನಾಳೆ ಮತ್ತೆ ಕಮ್ಮಿ ಅನ್ನಿಸಿದರೆ ನಾಳೆಯೂ ಹೋಗಿ. ಯಾರು ಏನಂದುಕೊಳ್ಳುತ್ತಾರೋ ಅನ್ನೋ ಸಂಕೋಚ ಇಲ್ಲಿ ಬೇಡವೇ ಬೇಡ.

ದೇಹದಲ್ಲಿ ಏನೇನಾಗುತ್ತದೆ

28ನೇ ವಾರದಲ್ಲಿ ಮಗು ಸುಮಾರು ಒಂದು ಕೆಜಿ ಇರುತ್ತದೆ. ದಿನ ತುಂಬುವಷ್ಟರಲ್ಲಿ ನಮ್ಮಲ್ಲಿ ಹೆಚ್ಚಿನ ಮಕ್ಕಳು ಎರಡೂವರೆಯಿಂದ ಮೂರೂಕಾಲು ಕೆಜಿಯವರೆಗೆ ಬೆಳೆದಿರುತ್ತವೆ. ಇಷ್ಟು ಬೆಳೆಯಲು ಗರ್ಭಕೋಶ ಮೇಲಕ್ಕೆ ತಳ್ಳಿದಾಗ ಜಠರ ಒತ್ತಿಕೊಂಡು ಎದೆಯುರಿ, ಶ್ವಾಸಕೋಶಕ್ಕೆ ಜಾಗ ಕಮ್ಮಿಯಾಗಿ ಏದುಸಿರು, ಮೂತ್ರಕೋಶ ಒತ್ತಿಕೊಂಡು ರಾತ್ರಿಯೆಲ್ಲ ಏಳುವುದು. ಒಂದು ಸಲಕ್ಕೆ ಕಮ್ಮಿ ತಿಂದು ದಿನಕ್ಕೆ ಐದಾರು ಸಲ ತಿನ್ನಿ. ಊಟವಾದ ಕೂಡಲೇ ಮಲಗಬೇಡಿ, ತಲೆಯ ಕಡೆ ಇನ್ನೊಂದು ದಿಂಬು ಇಟ್ಟುಕೊಳ್ಳಿ. ಮೂತ್ರಕ್ಕೆ ಹೆದರಿ ನೀರು ಕಮ್ಮಿ ಮಾಡಬೇಡಿ. ಮಾಡಿದರೆ ಮಲಬದ್ಧತೆ, ಅದರಿಂದ ಮೂಲವ್ಯಾಧಿ, ಉರಿಮೂತ್ರ ಎಲ್ಲ ಬೆನ್ನು ಹತ್ತುತ್ತವೆ.

ಮಲಗುವುದು ಪಕ್ಕಕ್ಕೆ, ಎಡಗಡೆಯಾದರೆ ಒಳ್ಳೆಯದು. ಅಂಗಾತ ಮಲಗಿದರೆ ಗರ್ಭಕೋಶದ ಭಾರ ಹಿಂದಿನ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ. ನಡುರಾತ್ರಿ ಎಚ್ಚರವಾದಾಗ ಅಂಗಾತ ಇದ್ದರೆ ಗಾಬರಿ ಬೇಡ, ಹಾಗೇ ಪಕ್ಕಕ್ಕೆ ತಿರುಗಿ. ಎರಡು ಮಂಡಿಗಳ ನಡುವೆ ಒಂದು ದಿಂಬು, ಹೊಟ್ಟೆಯ ಕೆಳಗೆ ಮಡಿಸಿದ ಹಳೇ ಸೀರೆ ಇಟ್ಟುಕೊಂಡರೆ ಸೊಂಟಕ್ಕೆ ಆರಾಮ. ಏಳುವಾಗ ಪಕ್ಕಕ್ಕೆ ಹೊರಳಿ, ಕೈ ಊರಿ ಏಳಿ. ಮೀನಖಂಡ ಹಿಡಿದುಕೊಂಡರೆ ಕಾಲು ನೀಡಿ ಹೆಬ್ಬೆರಳನ್ನು ನಿಮ್ಮ ಕಡೆ ಎಳೆದುಕೊಳ್ಳಿ.

ಸಂಜೆ ಹೊತ್ತಿಗೆ ಪಾದ ಬಾವು ಬರುವುದು, ಕಾಲುಂಗುರ ಬಿಗಿಯಾಗುವುದು ಮಾಮೂಲು. ಕಾಲು ಎತ್ತರದಲ್ಲಿಟ್ಟು ಮಲಗಿದರೆ ಬೆಳಗ್ಗೆ ಇಳಿಯುತ್ತದೆ. ಬೆಳಗ್ಗೆ ಎದ್ದಾಗಲೂ ಇಳಿಯದಿದ್ದರೆ, ಮುಖ ಮತ್ತು ಕೈಬೆರಳಿಗೂ ಬಾವು ಬಂದರೆ, ಅವತ್ತೇ ಬಿ.ಪಿ. ನೋಡಿಸಿ. ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೂ ಅಷ್ಟೇ, ತೋರಿಸಲೇಬೇಕು.

ಹೊಟ್ಟೆ ಆಗಾಗ ಕಲ್ಲಿನಂತೆ ಗಟ್ಟಿಯಾಗಿ ಮತ್ತೆ ಸಡಿಲವಾಗುತ್ತದೆ. ಇದು ಸುಳ್ಳು ನೋವು. ಮೊಲೆಯಿಂದ ಹಳದಿ ನೀರಿನಂಥದ್ದು ಒಸರಬಹುದು, ಅದು ಗಿಣ್ಣು ಹಾಲು, ಹಿಂಡಬೇಡಿ. ದಂಪತಿಗಳು ಕೇಳಲು ನಾಚುವ ಒಂದು ಪ್ರಶ್ನೆಗೆ ಉತ್ತರ: ರಕ್ತಸ್ರಾವ, ಮಾಸು ಕೆಳಗಿರುವುದು, ಮಗುವಿನ ಸುತ್ತಲಿನ ನೀರು ಹೋಗಿರುವುದು, ಅವಧಿಗೆ ಮುಂಚೆ ನೋವು ಬರುವ ಅಪಾಯ, ಇವು ಯಾವುವೂ ಇಲ್ಲದಿದ್ದರೆ ಕೊನೆಯ ತಿಂಗಳಲ್ಲೂ ಸೇರುವುದರಿಂದ ಮಗುವಿಗೆ ತೊಂದರೆಯಿಲ್ಲ.

ಮನಸ್ಸಿನ ಮಾತೂ ಇಲ್ಲೇ ಹೇಳಬೇಕು. ಹೆರಿಗೆಯ ಭಯ, ಕಾರಣವಿಲ್ಲದ ಅಳು, ಕೆಟ್ಟ ಕನಸು ಬಹಳ ಜನಕ್ಕೆ ಬರುತ್ತವೆ. ಎರಡು ವಾರವಾದರೂ ಯಾವುದರಲ್ಲೂ ಆಸಕ್ತಿ ಇಲ್ಲ, ಊಟ ನಿದ್ದೆ ಸೇರುತ್ತಿಲ್ಲ ಅಂದರೆ ಡಾಕ್ಟರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಊಟ, ಮಾತ್ರೆ ಮತ್ತು ಕೆಲವು ಮಾತುಗಳು

"ಜಾಸ್ತಿ ತಿಂದರೆ ಮಗು ದಪ್ಪ ಆಗುತ್ತೆ, ಹೆರಿಗೆ ಕಷ್ಟ" ಅಂತ ಊಟ ಕಮ್ಮಿ ಮಾಡಿಸುವ ಮನೆಗಳು ಇನ್ನೂ ಇವೆ. ಮಗುವಿನ ತೂಕ ಜಾಸ್ತಿಯಾಗುವುದು ಈ ಕೊನೆಯ ವಾರಗಳಲ್ಲೇ. ಈಗ ಊಟ ಕಿತ್ತುಕೊಂಡರೆ ಮಗು ಬಡವಾಗಿ ಹುಟ್ಟುತ್ತದೆ, ತಾಯಿಗೆ ನೋವು ತಿನ್ನುವ ಶಕ್ತಿ ಉಳಿಯುವುದಿಲ್ಲ. ಇಬ್ಬರ ಊಟ ಬೇಡ, ಮಾಮೂಲಿ ಊಟದ ಜೊತೆ ಇನ್ನೊಂದು ಸಣ್ಣ ಊಟದಷ್ಟು ಸಾಕು. ಮುದ್ದೆ ಜೊತೆ ಸೊಪ್ಪಿನ ಸಾರು, ರೊಟ್ಟಿ ಜೊತೆ ಕಾಳಿನ ಪಲ್ಯ, ಮೊಳಕೆ ಹುರುಳಿ, ಕಡಲೆಕಾಯಿ, ಮೊಸರು, ತಿನ್ನುವವರಾದರೆ ಮೊಟ್ಟೆ, ಬೇಯಿಸಿದ ಮೀನು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಗರ್ಭಿಣಿಯರಿಗೆ ಬಿಸಿಯೂಟ ಕೊಡುತ್ತಾರೆ, ಹೆಸರು ಬರೆಸಿಕೊಳ್ಳಿ. ಶುಗರ್ ಇರುವವರು ಮುದ್ದೆ, ಅನ್ನ ಬಿಡಬೇಕಾಗಿಲ್ಲ. ಗಾತ್ರ ಕಮ್ಮಿ ಮಾಡಿ, ಕಾಳು ತರಕಾರಿ ಜಾಸ್ತಿ ಮಾಡಿ, ಊಟವಾದ ಮೇಲೆ ಕಾಲು ಗಂಟೆ ನಡೆಯಿರಿ.

ಕಬ್ಬಿಣದ ಮಾತ್ರೆ ದಿನಕ್ಕೊಂದು, ಕ್ಯಾಲ್ಸಿಯಂ ದಿನಕ್ಕೆರಡು ಕೊಟ್ಟಿರುತ್ತಾರೆ. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಕಾಫಿ, ಟೀ, ಹಾಲಿನ ಜೊತೆಗೂ ಅಷ್ಟೇ. ಕ್ಯಾಲ್ಸಿಯಂ ಬೆಳಗ್ಗೆ ಮತ್ತು ಮಧ್ಯಾಹ್ನ ಊಟದ ಜೊತೆ, ಕಬ್ಬಿಣ ರಾತ್ರಿ ಊಟವಾದ ಎರಡು ಗಂಟೆಗೆ ನಿಂಬೆ ಪಾನಕದಲ್ಲಿ ತಗೊಂಡರೆ ಸುಲಭ. ಶುಗರ್ ಇದ್ದರೆ ಪಾನಕಕ್ಕೆ ಸಕ್ಕರೆ ಹಾಕಬೇಡಿ. ಮಲ ಕಪ್ಪಗಾಗುತ್ತದೆ, ಹೆದರಬೇಡಿ. ವಾಂತಿ ಬರುವಂತಾದರೆ ನಿಲ್ಲಿಸಬೇಡಿ, ಬೇರೆ ಮಾತ್ರೆ ಬರೆಸಿಕೊಳ್ಳಿ.

ಇನ್ನು ಕಿವಿಗೆ ಬೀಳುವ ಮಾತುಗಳು. ಕೇಸರಿ ಹಾಲಿನಿಂದ ಮಗುವಿನ ಬಣ್ಣ ಬದಲಾಗುವುದಿಲ್ಲ. ಕೈ ಮೇಲೆತ್ತಿ ಬಟ್ಟೆ ಒಣಹಾಕಿದರೆ ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಳ್ಳುವುದಿಲ್ಲ. ಒಂಬತ್ತರಲ್ಲಿ ಲೋಟಗಟ್ಟಲೆ ತುಪ್ಪ ಕುಡಿದರೆ ಮಗು ಜಾರಿ ಬರುವುದಿಲ್ಲ, ತುಪ್ಪ ಹೋಗುವುದು ಹೊಟ್ಟೆಗೆ, ಗರ್ಭಕೋಶಕ್ಕಲ್ಲ. ನೋವು ಬರಲಿ ಅಂತ ಹರಳೆಣ್ಣೆ ಕುಡಿಸುವುದು ಮಾತ್ರ ಬೇಡ, ಭೇದಿಯಾಗಿ ಮೈಯ ನೀರೆಲ್ಲ ಹೋಗುತ್ತದೆ. ಗ್ರಹಣದ ದಿನ ಒಳಗಿರಬೇಕು ಅಂತ ಮನೆಯವರು ಅಂದರೆ ಇರಿ, ಆದರೆ ಗಂಟೆಗಟ್ಟಲೆ ನೀರಿಲ್ಲದೆ ಊಟವಿಲ್ಲದೆ ಇರಬೇಡಿ. "ಏಳರಲ್ಲಿ ಹುಟ್ಟಿದ್ದು ಉಳಿಯುತ್ತೆ, ಎಂಟರಲ್ಲಿ ಹುಟ್ಟಿದ್ದು ಉಳಿಯಲ್ಲ" ಅನ್ನೋದು ಪೂರಾ ಸುಳ್ಳು. ಒಳಗೆ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭ.

ಕಾಯಬಾರದ ಸೂಚನೆಗಳು

ಈ ಭಾಗವನ್ನು ಮನೆಯವರಿಗೆ ಜೋರಾಗಿ ಓದಿ ಹೇಳಿ. ಇವುಗಳಲ್ಲಿ ಒಂದು ಕಂಡರೂ ಸೀದಾ ಆಸ್ಪತ್ರೆ:

- ಕೆಂಪು ರಕ್ತ ಹೋಗುವುದು. ನೋವಿಲ್ಲದೆ ಹೋದರೂ ಅಪಾಯವೇ, ಮಾಸು ಕೆಳಗಿದ್ದರೆ ಹಾಗೇ ಆಗುತ್ತದೆ.
- ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮಿಂಚು ಕಂಡಂತಾಗುವುದು, ಪಕ್ಕೆಲುಬಿನ ಕೆಳಗೆ ನೋವು.
- ಬಿ.ಪಿ. 140/90 ಅಥವಾ ಮೇಲೆ.
- ಫಿಟ್ಸ್, ಪ್ರಜ್ಞೆ ತಪ್ಪುವುದು, ಎದೆನೋವು, ಕೂತಲ್ಲೇ ಉಸಿರು ಕಟ್ಟುವುದು.
- ಮಗು ಆಡುವುದು ಕಮ್ಮಿಯಾಗುವುದು.
- ನೀರು ಹೋಗುವುದು.
- 37 ವಾರಕ್ಕೆ ಮುಂಚೆ ಹೊಟ್ಟೆ ಅಥವಾ ಸೊಂಟ ಬಿಟ್ಟು ಬಿಟ್ಟು ಒಂದೇ ಲೆಕ್ಕದಲ್ಲಿ ನೋಯುವುದು.
- ಜ್ವರ, ಹೊಟ್ಟೆಗೆ ಪೆಟ್ಟು, ಬಿಡದ ಹೊಟ್ಟೆನೋವು.

ತಲೆನೋವು ಮತ್ತು ಕಣ್ಣು ಮಂಜಿನ ಬಗ್ಗೆ ಇನ್ನೊಂದಿಷ್ಟು. ಬಸಿರಿನ ಬಿ.ಪಿ. ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರಿಸದೆ ಏರುತ್ತದೆ. "ಬಿಸಿಲಲ್ಲಿ ಓಡಾಡಿದ್ದಕ್ಕೆ ತಲೆನೋವು" ಅಂತ ಮುಲಾಮು ಹಚ್ಚಿ ಮಲಗಿಸಿದ ರಾತ್ರಿಯೇ ಫಿಟ್ಸ್ ಬರಬಹುದು. ಏಳನೇ ತಿಂಗಳ ನಂತರ ಜೋರು ತಲೆನೋವು ಅಂದರೆ ಮೊದಲು ಬಿ.ಪಿ., ಆಮೇಲೆ ಉಳಿದದ್ದು. ಅವಧಿಗೆ ಮುಂಚಿನ ನೋವಿನಲ್ಲೂ ಬೇಗ ಹೋಗುವುದರಲ್ಲಿ ಅರ್ಥ ಇದೆ. ಮಗುವಿನ ಶ್ವಾಸಕೋಶ ಗಟ್ಟಿಮಾಡುವ ಇಂಜೆಕ್ಷನ್ ಕೊಡುತ್ತಾರೆ, ಅದು ಕೆಲಸ ಮಾಡಲು ಸುಮಾರು ಒಂದು ದಿನ ಬೇಕು.

ಅಂಗೈ, ಅಂಗಾಲು ರಾತ್ರಿ ಹೊತ್ತು ಸಿಕ್ಕಾಪಟ್ಟೆ ತುರಿಸುತ್ತಿದ್ದರೆ, ಮೈಮೇಲೆ ಗುಳ್ಳೆ ಇಲ್ಲದಿದ್ದರೂ, ಒಂದೆರಡು ದಿನದಲ್ಲೇ ಹೇಳಿ. ಪಿತ್ತಜನಕಾಂಗದ ರಕ್ತ ಪರೀಕ್ಷೆ ಮಾಡುತ್ತಾರೆ.

36ನೇ ವಾರ: ಹೆರಿಗೆ ಹೇಗೆ ಅನ್ನೋ ಮಾತು

ಈ ಹೊತ್ತಿಗೆ ಹೆಚ್ಚಿನ ಮಕ್ಕಳ ತಲೆ ಕೆಳಗೆ ಬಂದಿರುತ್ತದೆ. ಅಡ್ಡವಾಗಿ ಅಥವಾ ಕುಂಡೆ ಕೆಳಗಾಗಿ ಇದ್ದರೆ ಡಾಕ್ಟರು ಮುಂದಿನ ದಾರಿ ಹೇಳುತ್ತಾರೆ. ಕೆಲವೊಮ್ಮೆ ಹೊರಗಿನಿಂದ ಕೈಯಲ್ಲೇ ತಿರುಗಿಸಲು ನೋಡುವುದುಂಟು. ಅದನ್ನು ಆಸ್ಪತ್ರೆಯಲ್ಲಿ, ಸ್ಕ್ಯಾನಿಂಗ್ ಮತ್ತು ಆಪರೇಷನ್ ವ್ಯವಸ್ಥೆ ಇರುವ ಕಡೆ ಮಾತ್ರ ಮಾಡಬೇಕು. ಮನೆಯಲ್ಲಿ ಹೊಟ್ಟೆ ನೀವಿಸಿಕೊಳ್ಳಬೇಡಿ. ತಪಾಸಣೆ ಈಗ ವಾರಕ್ಕೊಮ್ಮೆ.

ಆಪರೇಷನ್ ಅಂದರೆ ಸೋಲಲ್ಲ, ನಾರ್ಮಲ್ ಅಂದರೆ ಗೆಲುವೂ ಅಲ್ಲ. ಮಾಸು ದಾರಿಗೆ ಅಡ್ಡ ಇದ್ದರೆ, ಮಗುವಿನ ಎದೆಬಡಿತ ಇಳಿದರೆ, ಸಿಸೇರಿಯನ್ ಇಬ್ಬರ ಜೀವವನ್ನೂ ಉಳಿಸುತ್ತದೆ. ಆದರೆ "ಯಾಕೆ ಬೇಕು, ಕಾಯಬಹುದಾ, ಕಾದರೆ ಏನಾಗುತ್ತೆ?" ಅಂತ ಕೇಳುವುದು ನಿಮ್ಮ ಹಕ್ಕು. ಕೇಳಿ, ಅರ್ಥವಾಗುವ ತನಕ ಕೇಳಿ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ನಕ್ಷತ್ರ, ಮುಹೂರ್ತ ನೋಡಿ 37, 38 ವಾರಕ್ಕೇ ಆಪರೇಷನ್ ಮಾಡಿಸಬೇಡಿ. ವೈದ್ಯಕೀಯ ಕಾರಣ ಇಲ್ಲದೆ 39 ವಾರಕ್ಕೆ ಮುಂಚೆ ತೆಗೆದ ಮಕ್ಕಳಿಗೆ ಉಸಿರಾಟದ ತೊಂದರೆ ಬರುವ ಸಾಧ್ಯತೆ ಜಾಸ್ತಿ. ಒಳ್ಳೆ ಗಳಿಗೆಯಲ್ಲಿ ಹುಟ್ಟಿದ ಮಗು ಅಮ್ಮನ ಪಕ್ಕ ಬಿಟ್ಟು ಗಾಜಿನ ಪೆಟ್ಟಿಗೆಯಲ್ಲಿ ಮಲಗುವಂತಾದರೆ ಆ ಗಳಿಗೆ ಯಾರಿಗೆ ಒಳ್ಳೆಯದು?

ಬ್ಯಾಗು, ದುಡ್ಡು, ಗಾಡಿ

36 ವಾರ ತುಂಬುವಷ್ಟರಲ್ಲಿ ಬ್ಯಾಗು ಬಾಗಿಲ ಹತ್ತಿರ ಇರಲಿ. ಮುಂದೆ ಬಟನ್ ಇರುವ ಎರಡು ಮೂರು ನೈಟಿ, ದೊಡ್ಡ ಪ್ಯಾಡ್, ಒಳ ಉಡುಪು, ಚಪ್ಪಲಿ, ಶಾಲು, ಬಿಸಿನೀರಿನ ಫ್ಲಾಸ್ಕ್, ತಟ್ಟೆ ಲೋಟ, ಫೋನಿನ ಚಾರ್ಜರ್. ಮಗುವಿಗೆ ಮೆತ್ತನೆ ಕಾಟನ್ ಬಟ್ಟೆ, ಕುಲಾವಿ, ಕಾಲುಚೀಲ, ಸುತ್ತಲು ಒಗೆದು ಬಿಸಿಲಲ್ಲಿ ಒಣಗಿಸಿದ ಹಳೇ ಪಂಚೆ ಅಥವಾ ಸೀರೆ ತುಂಡು. ಹುಟ್ಟುವ ಮುಂಚೆ ಹೊಸ ಬಟ್ಟೆ ತರಬಾರದು ಅನ್ನೋ ಮನೆಗಳಲ್ಲೂ ಈ ಹಳೇ ಪಂಚೆಗೆ ಯಾರೂ ಬೇಡ ಅನ್ನುವುದಿಲ್ಲ. ಫೈಲಿನ ಜೊತೆ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್‌ನ ಜೆರಾಕ್ಸ್ ಇಡಿ.

ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ, ಹೋಗಿಬರುವ ಗಾಡಿ ಎಲ್ಲವೂ ಉಚಿತ. ಹೆರಿಗೆಯಾದ ಮೇಲೆ ಮನೆಗೆ ಬಿಡಲು ನಗು-ಮಗು ವಾಹನ ಇದೆ, ಡಿಸ್ಚಾರ್ಜ್ ದಿನ ಕೇಳಿ. ಮೊದಲ ಮಗುವಿಗೆ ಮಾತೃವಂದನಾ ಯೋಜನೆಯ 5,000 ರೂಪಾಯಿಗೆ ಅರ್ಜಿ ಹಾಕಿಲ್ಲದಿದ್ದರೆ ಅಂಗನವಾಡಿಯಲ್ಲಿ ವಿಚಾರಿಸಿ. ಖಾಸಗಿ ಆಸ್ಪತ್ರೆಗೆ ಹೋಗುವವರು ಅಂದಾಜು ಖರ್ಚು ಬರೆಸಿಕೊಳ್ಳಿ, ವಿಮೆಯಲ್ಲಿ ಹೆರಿಗೆ ಸೇರಿದೆಯೇ, ಕಾಯುವ ಅವಧಿ ಮುಗಿದಿದೆಯೇ ನೋಡಿ.

ಗಾಡಿಗೆ 108 ಇದೆ. ಆದರೂ ರಾತ್ರಿ ಎಷ್ಟೊತ್ತಿಗೆ ಕರೆದರೂ ಬರುವ ಇಬ್ಬರು ಆಟೋ ಅಥವಾ ಕಾರಿನವರ ನಂಬರ್ ಇರಲಿ. ಮಲೆನಾಡಿನ ಒಂಟಿ ಮನೆಯವರು, ಮಳೆಗಾಲದಲ್ಲಿ ಹಳ್ಳ ದಾಟಿ ಹೋಗಬೇಕಾದವರು, ದಿನ ಹತ್ತಿರ ಬಂದಾಗ ಆಸ್ಪತ್ರೆ ಇರುವ ಊರಿನಲ್ಲಿ ನೆಂಟರ ಮನೆಗೆ ಹೋಗಿ ಇರುವುದೇ ಸರಿ. ರಕ್ತ ಕೊಡಬಲ್ಲ ಇಬ್ಬರಿಗೆ ಮೊದಲೇ ಹೇಳಿಡಿ.

ನೋವು ಬಂದಾಗ

ಸುಳ್ಳು ನೋವು ಒಂದು ಲೆಕ್ಕದಲ್ಲಿ ಬರುವುದಿಲ್ಲ. ನಡೆದಾಡಿದರೆ, ನೀರು ಕುಡಿದು ಮಲಗಿದರೆ ಕಮ್ಮಿಯಾಗುತ್ತದೆ. ನಿಜವಾದ ನೋವು ಸಾಮಾನ್ಯವಾಗಿ ಸೊಂಟದಲ್ಲಿ ಹುಟ್ಟಿ ಮುಂದಕ್ಕೆ ಬರುತ್ತದೆ, ಏನು ಮಾಡಿದರೂ ಬಿಡುವುದಿಲ್ಲ. ಬರಬರುತ್ತಾ ಹತ್ತಿರ ಹತ್ತಿರ ಬಂದು ಜೋರಾಗುತ್ತದೆ. ಒಂದು ನೋವು ಶುರುವಾದಾಗಿಂದ ಇನ್ನೊಂದು ಶುರುವಾಗುವವರೆಗೆ ಎಷ್ಟು ನಿಮಿಷ ಅಂತ ಯಾರಾದರೂ ಬರೆಯುತ್ತಾ ಹೋಗಲಿ. ಐದು ನಿಮಿಷಕ್ಕೊಮ್ಮೆ ಬಂದು, ಒಂದೊಂದೂ ಸುಮಾರು ಒಂದು ನಿಮಿಷ ಇದ್ದು, ಹೀಗೇ ಒಂದು ಗಂಟೆ ನಡೆದರೆ ಹೊರಡುವ ಹೊತ್ತಾಯಿತು. ಆಸ್ಪತ್ರೆ ದೂರ ಇದ್ದರೆ, ಎರಡನೇ ಹೆರಿಗೆಯಾದರೆ, ಇಷ್ಟು ಕಾಯಬೇಡಿ. ಮೊದಲು ಸಿಸೇರಿಯನ್ ಆಗಿದ್ದರೆ ನೋವು ಶುರುವಾದ ಕೂಡಲೇ ಹೊರಡಿ.

ಸ್ವಲ್ಪ ರಕ್ತ ಬೆರೆತ ಲೋಳೆ ಹೋದರೆ ಹೆರಿಗೆ ಹತ್ತಿರ ಬಂತು ಅಂತ, ಗಂಟೆಗಳೂ ಆಗಬಹುದು, ದಿನಗಳೂ ಆಗಬಹುದು. ನೀರು ಹೋದರೆ ಮಾತ್ರ ನೋವಿಲ್ಲದಿದ್ದರೂ ಹೊರಡಬೇಕು. ಎಷ್ಟು ಗಂಟೆಗೆ ಹೋಯಿತು, ಬಣ್ಣ ಏನು ಅಂತ ನೋಡಿಕೊಳ್ಳಿ, ಪ್ಯಾಡ್ ಹಾಕಿಕೊಳ್ಳಿ. ಹಸಿರು ಅಥವಾ ಕಂದು ಬಣ್ಣ ಇದ್ದರೆ ಮಗು ಒಳಗೇ ಮಲ ಮಾಡಿದೆ ಅಂತ, ಫೋನಿನಲ್ಲೇ ಆಸ್ಪತ್ರೆಗೆ ತಿಳಿಸಿ.

ದಿನಾಂಕ ದಾಟಿದರೂ ನೋವು ಬರಲಿಲ್ಲ ಅಂದರೆ? ಆ ದಿನಾಂಕದಂದೇ ಹುಟ್ಟುವ ಮಕ್ಕಳು ಕಮ್ಮಿ. ತಪಾಸಣೆ ತಪ್ಪಿಸಬೇಡಿ, ಓಡಾಟದ ಲೆಕ್ಕ ಬಿಡಬೇಡಿ. ಬೇರೆ ತೊಡಕಿಲ್ಲದಿದ್ದರೆ 41 ವಾರದ ಹೊತ್ತಿಗೆ ನೋವು ಬರಿಸುವ ಔಷಧಿಯ ಮಾತು ಬರುತ್ತದೆ. ಕಾಯುತ್ತಾ ಮನೆಯಲ್ಲಿ ಕೂರುವುದು ಸರಿಯಲ್ಲ.

ಆಸ್ಪತ್ರೆಗೆ ಹೋದ ಕೂಡಲೇ ಫೈಲ್ ಕೊಟ್ಟು ಐದು ವಿಷಯ ಬಾಯಲ್ಲೇ ಹೇಳಿ: ಎಷ್ಟು ವಾರ, ನೋವು ಯಾವಾಗಿಂದ, ನೀರು ಹೋಗಿದೆಯೇ, ಮಗು ಆಡುತ್ತಿದೆಯೇ, ಬಿ.ಪಿ. ಶುಗರ್ ಅಥವಾ ಹಿಂದಿನ ಆಪರೇಷನ್ ಇದೆಯೇ. ಜೊತೆಗೆ ಒಬ್ಬ ಹೆಂಗಸನ್ನು ಹೆರಿಗೆ ಕೋಣೆಗೆ ಬಿಡುತ್ತೀರಾ ಅಂತ ಕೇಳಿ, ಸರ್ಕಾರಿ ಆಸ್ಪತ್ರೆಗಳಲ್ಲೂ ಇದಕ್ಕೆ ಅವಕಾಶ ಇದೆ. ಚೊಚ್ಚಲ ಹೆರಿಗೆಯಲ್ಲಿ ಅರ್ಧ ದಿನಕ್ಕೂ ಜಾಸ್ತಿ ಹಿಡಿಯುವುದು ಮಾಮೂಲು. ಮೊದಮೊದಲು ನಡೆದಾಡಿ, ಉಸಿರು ನಿಧಾನ ಬಿಡಿ. ತಿನ್ನಬಹುದಾ, ಕುಡಿಯಬಹುದಾ ಅಂತ ನರ್ಸನ್ನು ಕೇಳಿಯೇ ತಗೊಳ್ಳಿ. ಮಗು ಹುಟ್ಟಿದ ಮೇಲೆ ಒಂದು ಗಂಟೆಯೊಳಗೆ ಎದೆಗೆ ಹಾಕಿಕೊಳ್ಳಬೇಕು. ಸಿಸೇರಿಯನ್ ಆದರೂ ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಎದೆಗೆ ಹಾಕಿಸಿ. ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸಲು ಯಾರಾದರೂ ಬೆರಳು ಮುಂದೆ ತಂದರೆ ಬೇಡ ಅನ್ನುವ ಕೆಲಸವನ್ನು ಗಂಡನಿಗೆ ಈಗಲೇ ಒಪ್ಪಿಸಿಡಿ.